ನನ್ನ ಹತ್ತು, ನಿಮ್ಮ ಹತ್ತು

ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಹತ್ತಿರ ಬಂತು ಅಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳವೂ ಹತ್ತಿರ ಬಂತು ಅಂತಲೇ ಲೆಕ್ಕ. ಜಾತ್ರೆಗೂ ಜಗಳಕ್ಕೂ ಸಂಬಂಧವೇನಿಲ್ಲ. ಹಳೆಯ ವರ್ಷ ಮುಗಿದು ಹೊಸದು ಶುರುವಾಗುವ ಹೊತ್ತು, ಅಷ್ಟೇ. ಆಗ ಯಾರಾದರೊಬ್ಬರು 'ನನ್ನ ಟಾಪ್ ಟೆನ್' ಅಂತ ಒಂದು ಪಟ್ಟಿ ಹಾಕುತ್ತಾರೆ. ಹತ್ತು ಹಾಡು, ಇಲ್ಲವೇ ಹತ್ತು ಸಿನಿಮಾ, ಇಲ್ಲವೇ ಹತ್ತು ಪುಸ್ತಕ. ಐದು ನಿಮಿಷದೊಳಗೆ ಮೊದಲ ಉತ್ತರ ಬರುತ್ತದೆ. ಅದು ಪ್ರತಿ ವರ್ಷವೂ ಒಂದೇ: "ನಿಮ್ಮ ಪಟ್ಟ್ಯಾಗ ಅದ ಇಲ್ಲಲ್ರೀ!"

ಗುಂಪಿನಲ್ಲಿ ನಾವು ಒಂಬತ್ತು ಜನ. ಕೊಪ್ಪಳದವರು, ರಾಯಚೂರಿನವರು, ಬಳ್ಳಾರಿಯವರು, ಜೊತೆಗೆ ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಲೆಕ್ಕ ಬರೆಯುವ ಒಬ್ಬ ಗೆಳೆಯ. ಬಳ್ಳಾರಿಯ ಅಕ್ಕ ನಿವೃತ್ತ ಶಿಕ್ಷಕಿ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಪಟ್ಟಿಯ ವಿಷಯಕ್ಕೆ ಬಂದರೆ ಎಲ್ಲರಿಗಿಂತ ಹಠಮಾರಿ. ಒಮ್ಮೆ ಒಂದು ಹಾಡು ಮೂರನೆಯದೋ ನಾಲ್ಕನೆಯದೋ ಅಂತ ರಾತ್ರಿ ಒಂದು ಗಂಟೆಯವರೆಗೆ ಮಾತು ನಡೆದಿತ್ತು. ಮರುದಿನ ಬೆಳಿಗ್ಗೆ ಇಬ್ಬರು ಗುಂಪು ಬಿಟ್ಟಿದ್ದರು. ಸಂಜೆಗೆ ವಾಪಸ್ ಬಂದರು ಬಿಡಿ.

ಇಷ್ಟು ವರ್ಷ ಈ ಜಗಳ ನೋಡಿದ ಮೇಲೆ ನನಗೊಂದು ಹೊಳೆದಿದೆ. ಒಬ್ಬರೇ ಹಾಕಿದ ಪಟ್ಟಿಯ ಜಾತಿಯೇ ಬೇರೆ. ಹತ್ತಾರು ಜನರ ಪಟ್ಟಿ ಕೂಡಿಸಿ ಮಾಡಿದ ಪಟ್ಟಿಯ ಜಾತಿಯೇ ಬೇರೆ. ಮೊದಲನೆಯದು ಪಟ್ಟಿ ಹಾಕಿದ ಮನುಷ್ಯನ ಕಥೆ ಹೇಳುತ್ತದೆ. ಎರಡನೆಯದು ಎಣಿಸಿದ ರೀತಿಯ ಕಥೆ ಹೇಳುತ್ತದೆ. ನಾವು ಎರಡನ್ನೂ ಹಾಡಿನ ಕಥೆ, ಸಿನಿಮಾದ ಕಥೆ ಅಂತ ಓದುತ್ತೇವೆ. ಅಲ್ಲಿಂದಲೇ ಜಗಳ ಹತ್ತಿಕೊಳ್ಳುತ್ತದೆ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಟ ಅಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಸುಮಾರು 850ರಲ್ಲಿ ಬಂದ ಕವಿರಾಜಮಾರ್ಗ ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕೃತಿ. ಅದರಲ್ಲೇ ಎರಡು ಪಟ್ಟಿಗಳಿವೆ. ಒಂದು, ಒಳ್ಳೆಯ ಗದ್ಯ ಬರೆದವರ ಮತ್ತು ಒಳ್ಳೆಯ ಪದ್ಯ ಬರೆದವರ ಹೆಸರು. ಇನ್ನೊಂದು, ಕನ್ನಡದ ತಿರುಳು ಎಲ್ಲಿದೆ ಅನ್ನುವುದು. ಕಿಸುವೊಳಲು, ಕೋಪಣ, ಪುಲಿಗೆರೆ, ಒಂಕುಂದ, ಈ ನಾಲ್ಕು ಊರುಗಳ ನಡುವಿನ ನಾಡಿನ ಕನ್ನಡವೇ ತಿರುಳ್ಗನ್ನಡ ಅನ್ನುತ್ತದೆ ಆ ಪದ್ಯ. ಕೋಪಣ ಅಂದರೆ ನಮ್ಮ ಕೊಪ್ಪಳ. ಗುಂಪಿನಲ್ಲಿ ಯಾರಾದರೂ ನಮ್ಮ ಕನ್ನಡವನ್ನು ಆಡಿಕೊಂಡರೆ ನಾನು ತಕ್ಷಣ ಈ ಪದ್ಯ ಎತ್ತುತ್ತೇನೆ. ಹನ್ನೊಂದು ಶತಮಾನದ ಹಿಂದಿನ ಟಾಪ್ ಫೋರ್‌ನಲ್ಲಿ ನಮ್ಮೂರಿದೆ, ಸುಮ್ನೆ ಮಾತಾ?

ಆ ಕವಿಗಳ ಪಟ್ಟಿಯಲ್ಲಿ ಒಂದು ವಿಶೇಷ ಇದೆ. ಹೆಸರುಗಳಿವೆ, ನಂಬರ್ ಇಲ್ಲ. ಯಾರು ಮೊದಲು, ಯಾರು ಎರಡು ಅಂತ ಹೇಳುವುದಿಲ್ಲ. ಪಂಪ, ಪೊನ್ನ, ರನ್ನರನ್ನು ರತ್ನತ್ರಯ ಅನ್ನುವಾಗಲೂ ಅಷ್ಟೇ. ಮೂವರೂ ರತ್ನ. ಅದೇ ಪೊನ್ನ, ರನ್ನ, ಜನ್ನ ಮೂವರಿಗೂ ಕವಿಚಕ್ರವರ್ತಿ ಬಿರುದು ಇತ್ತು. ಒಂದೇ ಹೊತ್ತಿಗೆ ಮೂವರು ಚಕ್ರವರ್ತಿಗಳು ಅಂದರೆ ಕಷ್ಟವಾಗುತ್ತಿತ್ತು, ಆದರೆ ಅವರ ಕಾಲ ಬೇರೆ ಬೇರೆ, ಆಸ್ಥಾನ ಬೇರೆ ಬೇರೆ. ಇತ್ತ ನಮ್ಮ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿದೆ. ಕಟ್ಟಿಸಿದವನು ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿಯ ಶಾಸನ ಆ ಗುಡಿಯನ್ನು ದೇವಾಲಯಗಳ ಚಕ್ರವರ್ತಿ ಅಂತ ಕರೆಯುತ್ತದೆ. ಶಾಸನ ಹಾಕಿಸಿದವರು ಆ ಗುಡಿಯವರೇ. ಪಟ್ಟಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಗುತ್ತದೆ: ಇದನ್ನು ಬರೆದವರು ಯಾರು?

ಇಷ್ಟ, ಒಳ್ಳೇದು, ದೊಡ್ಡದು

ಒಂದು ಪಟ್ಟಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿರಬಹುದು. ನನಗೆ ಯಾವುದು ಇಷ್ಟ? ಯಾವುದು ಚೆನ್ನಾಗಿ ಮಾಡಿದ್ದು? ಯಾವುದರಿಂದ ಮುಂದಿನವರ ದಾರಿ ಬದಲಾಯಿತು? ಈ ಮೂರಕ್ಕೂ ಒಂದೇ ಉತ್ತರ ಬರಬೇಕಿಲ್ಲ. ನನಗೆ ತುಂಬ ಇಷ್ಟವಾದ ಒಂದು ಸಿನಿಮಾ ಇದೆ. ಕಥೆ ಸಡಿಲ, ಎಡಿಟಿಂಗ್ ಇನ್ನೂ ಸಡಿಲ. ಆದರೆ ಅದನ್ನು ಅಪ್ಪನ ಜೊತೆ ನೋಡಿದ್ದೆ. ಬಿಡುವಿನಲ್ಲಿ ಅಪ್ಪ ಮಿರ್ಚಿ ಕೊಡಿಸಿದ್ದರು. ಅದು ನನ್ನ ಪಟ್ಟಿಯಲ್ಲಿ ಎರಡನೆಯದು. ಸಿಂಧನೂರಿನ ಗೆಳೆಯ "ಅದರಾಗ ಏನದ ಅಂತ?" ಅಂತ ಕೇಳಿದಾಗ ಅವನು ಎರಡನೆಯ ಪ್ರಶ್ನೆ ಕೇಳುತ್ತಿದ್ದ. ನಾನು ಮೊದಲನೆಯದಕ್ಕೆ ಉತ್ತರ ಬರೆದಿದ್ದೆ. ಇಬ್ಬರೂ ಸರಿ. ಜಗಳ ಮಾತ್ರ ಮುಕ್ಕಾಲು ಗಂಟೆ ನಡೆಯಿತು.

ಹೀಗಾಗಿ ಪಟ್ಟಿ ಹಾಕುವ ಮೊದಲು ಒಂದು ಸಾಲು ಬರೆಯುವುದು ಒಳ್ಳೆಯದು. 'ನಾನು ಮತ್ತೆ ಮತ್ತೆ ಕೇಳುವ ಹತ್ತು ಹಾಡು' ಅಂದರೆ ಒಂದು ಅಳತೆ ಸಿಕ್ಕಿತು. 'ಸಾರ್ವಕಾಲಿಕ ಶ್ರೇಷ್ಠ ಹತ್ತು' ಅಂದರೆ ಊರಿನವರೆಲ್ಲ ಕೋಲು ಹಿಡಿದು ಬರುತ್ತಾರೆ.

ಇನ್ನು ಇಷ್ಟ ಅನ್ನುವುದಾದರೂ ಎಲ್ಲಿಂದ ಬರುತ್ತದೆ? ಇದರ ಬಗ್ಗೆ ಅಮೆರಿಕದಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಅನ್ನುವ ಇಬ್ಬರು ಸಂಶೋಧಕರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿ ಅಂಕ ಕೊಡಲು ಹೇಳಿದರು. ಜನ ಸುಮಾರು 24ರ ವಯಸ್ಸಿನಲ್ಲಿದ್ದಾಗ ಜನಪ್ರಿಯವಾಗಿದ್ದ ಹಾಡಿಗೆ ಅತಿ ಜಾಸ್ತಿ ಅಂಕ ಬಿತ್ತು. ಹರೆಯದ ದಿನಗಳ ನೆನಪು ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದನ್ನು ನೆನಪಿನ ಬಗ್ಗೆ ಕೆಲಸ ಮಾಡುವವರೂ ಹೇಳುತ್ತಾರೆ. ಅಂದರೆ "ಈಗಿನ ಹಾಡು ಹಾಡೇ ಅಲ್ಲ" ಅನ್ನುವ ಮಾವನೂ, "ಹಳೇದು ಬೋರು" ಅನ್ನುವ ಅಳಿಯನೂ ತಮ್ಮ ತಮ್ಮ ವಯಸ್ಸನ್ನೇ ಹೇಳುತ್ತಿದ್ದಾರೆ. ನಮ್ಮ ಗುಂಪಿನ ಪಟ್ಟಿಗಳಲ್ಲಿ ಹೆಸರು ಮುಚ್ಚಿಟ್ಟರೂ ಯಾರು ಯಾವಾಗ ಪಿಯುಸಿ ಮುಗಿಸಿದರು ಅಂತ ನಾನು ಹೇಳಬಲ್ಲೆ. ಕ್ಯಾಸೆಟ್ ಕಾಲದವರು, ಸಿಡಿ ಕಾಲದವರು, ಮೊಬೈಲಿಗೆ ಮೆಮೊರಿ ಕಾರ್ಡಿನಲ್ಲಿ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲದವರು, ಎಲ್ಲರ ಗುರುತೂ ಅಲ್ಲೇ ಇರುತ್ತದೆ.

ವಯಸ್ಸಿನಷ್ಟೇ ಊರೂ ಪಟ್ಟಿಯೊಳಗೆ ಬಂದು ಕೂರುತ್ತದೆ. ನಮ್ಮ ಮೂರು ಜಿಲ್ಲೆಗಳ ಕಥೆ ಇಲ್ಲಿ ಬಹಳ ಚೆನ್ನಾಗಿದೆ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅದಕ್ಕೂ ಮುಂಚೆ, 1948ರವರೆಗೆ, ಅಲ್ಲಿ ನಿಜಾಮರ ಆಳ್ವಿಕೆ, ಶಾಲೆಯಲ್ಲಿ ಉರ್ದು. ಕೊಪ್ಪಳ ಆಗ ರಾಯಚೂರಿನ ಭಾಗ. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈಗ ಪಟ್ಟಿ ನೋಡಿ. ಬಳ್ಳಾರಿಯ ಅಕ್ಕನ ಹತ್ತರಲ್ಲಿ ನಾಲ್ಕು ತೆಲುಗು ಹಾಡು. ಅವರ ಮನೆಯ ಮಾತು ಕನ್ನಡವೇ, ಆದರೆ ಬೀದಿಯಲ್ಲಿ, ಟಾಕೀಸಿನಲ್ಲಿ ತೆಲುಗು ಬೆರೆತೇ ಇರುತ್ತದೆ. ಬಳ್ಳಾರಿ ರಾಘವರಂಥ ದೊಡ್ಡ ನಟ ತೆಲುಗು ರಂಗಭೂಮಿಯಲ್ಲಿ ಬೆಳಗಿದ ಊರು ಅದು. ರಾಯಚೂರಿನ ಗೆಳೆಯನ ಪಟ್ಟಿಯಲ್ಲಿ ಗಜಲ್ ಇಲ್ಲದೆ ಇರುವುದಿಲ್ಲ. ಉರ್ದುವಿನ ಆ ರೂಪವನ್ನು ಕನ್ನಡಕ್ಕೆ ತಂದು ಪಳಗಿಸಿದ ಶಾಂತರಸರು ಆ ಜಿಲ್ಲೆಯ ಹೆಂಬೆರಾಳಿನವರು. ಅದೇ ಗೆಳೆಯನ ಅವ್ವನಿಗೆ ಕೇಳಿದರೆ ಹತ್ತಕ್ಕೆ ಹತ್ತೂ ದಾಸರ ಪದವೇ. ಅದಕ್ಕೂ ಕಾರಣವಿದೆ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಮೂವರೂ ಇಂದಿನ ರಾಯಚೂರು ಜಿಲ್ಲೆಯ ನೆಲದವರು.

ಬೆಂಗಳೂರಿನ ಯಾರೋ ಒಬ್ಬರು ಹಾಕಿದ 'ಕನ್ನಡಿಗರ ಮೆಚ್ಚಿನ ಹತ್ತು' ಪಟ್ಟಿಯಲ್ಲಿ ಇದ್ಯಾವುದೂ ಕಾಣದಿದ್ದರೆ ನಮಗೆ ಸಿಟ್ಟು ಬರುತ್ತದೆ. ಸಿಟ್ಟಿಗೆ ಅರ್ಥವಿದೆ. ಆದರೆ ಅವರ ತಪ್ಪು ಹಾಡಿನ ಆಯ್ಕೆಯಲ್ಲಿಲ್ಲ, ತಲೆಬರಹದಲ್ಲಿದೆ.

ಇನ್ನೊಂದು ಕಾರಣವನ್ನು ಹೇಳಲು ನಾಚಿಕೆ. ಪಟ್ಟಿ ಹಾಕುವಾಗ ನಾವು ಹೇಗೆ ಕಾಣಬೇಕು ಅಂತ ಆಸೆಪಡುತ್ತೇವೋ ಅದೂ ಸೇರಿಕೊಳ್ಳುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ ಅಭಿರುಚಿಗೂ ಅಂತಸ್ತಿಗೂ ಇರುವ ಈ ನಂಟಿನ ಬಗ್ಗೆ 1979ರಲ್ಲಿ ದಪ್ಪನೆಯ ಪುಸ್ತಕವನ್ನೇ ಬರೆದರು. ನನಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮೂರು ವರ್ಷ ನನ್ನ ಪುಸ್ತಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದಲ್ಲಿ ಒಂದು ದೊಡ್ಡ ಕಾದಂಬರಿ ಇತ್ತು. ನಾನು ಓದಿದ್ದು ಅರವತ್ತು ಪುಟ. ಬಳ್ಳಾರಿಯ ಅಕ್ಕ ಒಂದು ದಿನ "ಕೊನೆ ಹೆಂಗನಿಸ್ತು ತಮ್ಮಾ?" ಅಂತ ಕೇಳಿದರು. ಆ ವರ್ಷ ಅದು ಪಟ್ಟಿಯಿಂದ ಇಳಿಯಿತು.

ನಂಬರ್ ಹಾಕುವ ಕಷ್ಟ

ಹತ್ತು ಹಾಡು ಆರಿಸುವುದು ಕಷ್ಟ. ಆರಿಸಿದ ಹತ್ತನ್ನು ಸಾಲಾಗಿ ನಿಲ್ಲಿಸುವುದು ಅದಕ್ಕಿಂತ ಕಷ್ಟ. ಯಾಕೆ ಅಂದರೆ ಹತ್ತು ವಸ್ತುಗಳನ್ನು ಸಾಲು ಮಾಡಲು 36,28,800 ಬಗೆಗಳಿವೆ. ಅದರಲ್ಲಿ ಒಂದೇ ಒಂದನ್ನು ಹಿಡಿದು ಇದೇ ಸರಿ ಅನ್ನುತ್ತೇವೆ. ಮರುವಾರ ಅದೇ ಪಟ್ಟಿಯನ್ನು ನೋಡದೆ ಮತ್ತೆ ಬರೆಯಿರಿ. ಮೊದಲ ಎರಡು ಅಲ್ಲೇ ಇರುತ್ತವೆ. ಐದರಿಂದ ಒಂಬತ್ತು ಚೆಲ್ಲಾಪಿಲ್ಲಿ. ನಾನು ಮಾಡಿ ನೋಡಿದ್ದೇನೆ. ನನ್ನ ಆರನೆಯ ಹಾಡು ಪಟ್ಟಿಯಿಂದಲೇ ಹೊರಗೆ ಹೋಗಿತ್ತು. ಹಾಗಾಗಿ ಆರನೆಯದೋ ಏಳನೆಯದೋ ಅಂತ ಯಾರಾದರೂ ವಾದಕ್ಕೆ ಬಂದರೆ ನಾನೀಗ ಒಗ್ಗರಣಿ-ಮಿರ್ಚಿ ತಿನ್ನಲು ಎದ್ದು ಹೋಗುತ್ತೇನೆ.

ಇದಕ್ಕೆ ಒಂದು ಸುಲಭದ ದಾರಿಯಿದೆ. ಎಲ್ಲವನ್ನೂ ಒಟ್ಟಿಗೆ ನೋಡಬೇಡಿ, ಎರಡೆರಡಾಗಿ ನೋಡಿ. 'ಈ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು, ಯಾವುದು?' ಅಂದರೆ ಮನಸ್ಸು ಬೇಗ ಉತ್ತರ ಕೊಡುತ್ತದೆ. 'ಇದು ಎಷ್ಟನೆಯದು?' ಅಂದರೆ ತಡವರಿಸುತ್ತದೆ. ಹತ್ತು ಹಾಡಿಗೆ 45 ಜೋಡಿ ಆಗುತ್ತವೆ. ಐವತ್ತು ಹಾಡಾದರೆ 1,225. ಅಷ್ಟನ್ನೂ ಕೇಳಿಕೊಳ್ಳಬೇಕಿಲ್ಲ. ಇಸ್ಪೀಟು ಆಡುವವರು ಕೈಯಲ್ಲಿ ಎಲೆ ಜೋಡಿಸುತ್ತಾರಲ್ಲ, ಹಾಗೆ ಮಾಡಿ. ಹೊಸ ಹಾಡನ್ನು ಈಗಾಗಲೇ ಜೋಡಿಸಿದ ಸಾಲಿನ ನಡುವಿನದಕ್ಕೆ ಹೋಲಿಸಿ. ಅದಕ್ಕಿಂತ ಮೇಲಾ, ಕೆಳಗಾ? ಮೇಲಾದರೆ ಮೇಲಿನ ಅರ್ಧದ ನಡುವಿನದಕ್ಕೆ ಹೋಲಿಸಿ. ಹೀಗೆ ಮಾಡಿದರೆ ಐವತ್ತು ಹಾಡಿಗೆ 250ಕ್ಕಿಂತ ಕಡಿಮೆ ಹೋಲಿಕೆಯಲ್ಲಿ ಕೆಲಸ ಮುಗಿಯುತ್ತದೆ.

ಚೆಸ್ ಆಟಗಾರರ ರೇಟಿಂಗ್ ನಿಂತಿರುವುದೂ ಈ ಎರಡೆರಡರ ಹೋಲಿಕೆಯ ಮೇಲೆಯೇ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಪದ್ಧತಿ ಅದು. ವಿಶ್ವ ಚೆಸ್ ಒಕ್ಕೂಟ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ನಿಮಗಿಂತ ಬಲಶಾಲಿಯನ್ನು ಸೋಲಿಸಿದರೆ ಜಾಸ್ತಿ ಅಂಕ, ದುರ್ಬಲನನ್ನು ಸೋಲಿಸಿದರೆ ಕಡಿಮೆ. ಇಂಟರ್ನೆಟ್ಟಿನಲ್ಲಿ ಎರಡು ಸಿನಿಮಾ ತೋರಿಸಿ 'ಯಾವುದು ಬೇಕು' ಅಂತ ಕೇಳುವ ಆಟಗಳ ಹಿಂದೆ ಸಾಮಾನ್ಯವಾಗಿ ಇಂಥದ್ದೇ ಲೆಕ್ಕ ಇರುತ್ತದೆ. ಒಂದೇ ಫರಕು: ಚೆಸ್‌ನಲ್ಲಿ ನಿಜವಾಗಿಯೂ ಯಾರೋ ಗೆದ್ದಿರುತ್ತಾರೆ.

ಕೂಡಿಸಿದರೆ ಯಾರು ಗೆಲ್ಲುತ್ತಾರೆ?

ಈಗ ಕಷ್ಟದ ಜಾಗಕ್ಕೆ ಬಂದೆವು. ಒಂಬತ್ತು ಜನರ ಪಟ್ಟಿ ಕೂಡಿಸಿ ಗುಂಪಿನ ಪಟ್ಟಿ ಮಾಡಬೇಕು. ಹೋದ ಸಲ ನಾವು ಮೂರು ಸಿನಿಮಾಗಳ ನಡುವೆ ಸಿಕ್ಕಿಕೊಂಡೆವು. ಹೆಸರು ಬೇಡ, ಮತ್ತೆ ಜಗಳ ಆಗುತ್ತದೆ. ಒಂದು ಹೀರೋ ಸಿನಿಮಾ, ಒಂದು ಮನೆಮಂದಿ ಸಿನಿಮಾ, ಒಂದು ನಗೆ ಸಿನಿಮಾ ಅನ್ನೋಣ.

ನಾಲ್ಕು ಜನ ಹೀಗೆ ಬರೆದಿದ್ದರು: ಹೀರೋ ಮೊದಲು, ಮನೆಮಂದಿ ಎರಡು, ನಗೆ ಮೂರು. ಮೂರು ಜನ ಪೂರ್ತಿ ಉಲ್ಟಾ: ನಗೆ, ಮನೆಮಂದಿ, ಹೀರೋ. ಉಳಿದ ಇಬ್ಬರು: ಮನೆಮಂದಿ, ನಗೆ, ಹೀರೋ.

ಮೊದಲ ಸ್ಥಾನ ಮಾತ್ರ ಎಣಿಸಿ. ಹೀರೋಗೆ ನಾಲ್ಕು, ನಗೆಗೆ ಮೂರು, ಮನೆಮಂದಿಗೆ ಎರಡು. ಹೀರೋ ಸಿನಿಮಾ ಗೆದ್ದಿತು. ನಮ್ಮ ಚುನಾವಣೆಗಳಲ್ಲಿ ಎಣಿಸುವುದು ಹೀಗೆಯೇ.

ಈಗ ಅಂಕದ ಲೆಕ್ಕ ಹಾಕಿ. ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ಹೀರೋಗೆ 17. ನಗೆಗೆ 17. ಮನೆಮಂದಿಗೆ 20. ಮೊದಲ ಲೆಕ್ಕದಲ್ಲಿ ಕೊನೆಗೆ ಇದ್ದದ್ದು ಈಗ ಮೊದಲು! ಈ ಅಂಕದ ಪದ್ಧತಿಗೆ ಫ್ರಾನ್ಸಿನ ಝಾನ್ ಶಾರ್ಲ್ ದ ಬೋರ್ದಾ ಅವರ ಹೆಸರಿದೆ. ಹದಿನೆಂಟನೆಯ ಶತಮಾನದ ನೌಕಾಪಡೆಯ ಅಧಿಕಾರಿ, ಗಣಿತಜ್ಞ.

ಇನ್ನೂ ಒಂದು ಬಗೆ ಇದೆ. ಎರಡೆರಡನ್ನೇ ಕುಸ್ತಿಗೆ ಬಿಡುವುದು. ಹೀರೋ ಮತ್ತು ಮನೆಮಂದಿ: ಐದು ಜನ ಮನೆಮಂದಿಯ ಕಡೆ, ನಾಲ್ವರು ಹೀರೋ ಕಡೆ. ಹೀರೋ ಮತ್ತು ನಗೆ: ಇಲ್ಲೂ ಐವರು ನಗೆಯ ಕಡೆ. ಅಂದರೆ ಮೊದಲ ಲೆಕ್ಕದಲ್ಲಿ ಗೆದ್ದ ಸಿನಿಮಾ ಜೋಡಿ ಕುಸ್ತಿಯಲ್ಲಿ ಇಬ್ಬರ ಎದುರೂ ಸೋತಿತು. ಒಂಬತ್ತು ಜನರ ಮನಸ್ಸು ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಎಣಿಕೆ ಮಾತ್ರ. ಸಿಂಧನೂರಿನ ಗೆಳೆಯ ಲೆಕ್ಕ ಬರೆಯುವವನಲ್ಲವೇ, ಇದನ್ನು ಹಾಳೆಯ ಮೇಲೆ ಹಾಕಿ ಫೋಟೋ ಕಳಿಸಿದ. ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಅಪರೂಪದ ಘಟನೆ ಅದು.

ಕುಸ್ತಿಯ ಲೆಕ್ಕವೇ ನ್ಯಾಯ ಅನ್ನಿಸುತ್ತದೆ ಅಲ್ವಾ? ಅದಕ್ಕೂ ಒಂದು ಗುಂಡಿ ಇದೆ. ಮೂರು ಜನ ಸಾಕು. ನನ್ನ ಆಯ್ಕೆ: ದಾಸರ ಪದ, ಸಿನಿಮಾ ಹಾಡು, ಗಜಲ್. ಅಕ್ಕನದು: ಸಿನಿಮಾ ಹಾಡು, ಗಜಲ್, ದಾಸರ ಪದ. ರಾಯಚೂರಿನವನದು: ಗಜಲ್, ದಾಸರ ಪದ, ಸಿನಿಮಾ ಹಾಡು. ಈಗ ಜೋಡಿ ಮಾಡಿ. ದಾಸರ ಪದ ಸಿನಿಮಾ ಹಾಡನ್ನು ಎರಡು-ಒಂದರಿಂದ ಸೋಲಿಸುತ್ತದೆ. ಸಿನಿಮಾ ಹಾಡು ಗಜಲನ್ನು ಎರಡು-ಒಂದರಿಂದ ಸೋಲಿಸುತ್ತದೆ. ಹಾಗಾದರೆ ದಾಸರ ಪದ ಗಜಲನ್ನು ಸೋಲಿಸಲೇಬೇಕು. ಇಲ್ಲ, ಗಜಲ್ ಎರಡು-ಒಂದರಿಂದ ದಾಸರ ಪದವನ್ನು ಸೋಲಿಸುತ್ತದೆ! ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಮೂವರಲ್ಲಿ ಒಬ್ಬರಿಗೂ ಗೊಂದಲವಿಲ್ಲ. ಮೂವರನ್ನೂ ಕೂಡಿಸಿದಾಗ ಗೊಂದಲ ಹುಟ್ಟುತ್ತದೆ. ಫ್ರಾನ್ಸಿನವರೇ ಆದ ಕೊಂದೊರ್ಸೆ 1785ರಲ್ಲಿ ಇದನ್ನು ತೋರಿಸಿಕೊಟ್ಟರು.

ಮುಂದೆ 1951ರಲ್ಲಿ ಕೆನೆತ್ ಆ್ಯರೋ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ಈ ಹುಡುಕಾಟಕ್ಕೇ ಬೀಗ ಹಾಕಿದರು. ಅವರು ಕೇಳಿದ್ದು ಬಹಳ ಸಣ್ಣ ಬೇಡಿಕೆಗಳು. ಎಲ್ಲರೂ ಅದಕ್ಕಿಂತ ಇದೇ ಮೇಲು ಅಂದರೆ ಗುಂಪಿನ ಪಟ್ಟಿಯೂ ಹಾಗೇ ಅನ್ನಬೇಕು. ಎರಡರ ನಡುವಿನ ಮೇಲುಕೀಳು ಮೂರನೆಯದು ಬಂದು ಹೋದದ್ದರಿಂದ ಬದಲಾಗಬಾರದು. ಒಬ್ಬನೇ ಹೇಳಿದ್ದು ಎಲ್ಲರ ಪಟ್ಟಿಯಾಗಬಾರದು. ಆಯ್ಕೆಗಳು ಮೂರೋ ಅದಕ್ಕಿಂತ ಜಾಸ್ತಿಯೋ ಇದ್ದರೆ, ಎಂಥ ಪಟ್ಟಿಗಳು ಬಂದರೂ ಇಷ್ಟನ್ನೂ ಉಳಿಸಿಕೊಂಡು ಒಂದು ನೇರ ಸಾಲು ಕೊಡುವ ಪದ್ಧತಿ ಇರುವುದೇ ಸಾಧ್ಯವಿಲ್ಲ ಅಂತ ಅವರು ಸಾಧಿಸಿ ತೋರಿಸಿದರು. 1972ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಗುಂಪಿಗೆ ಇದು ತಿಳಿದದ್ದು ತಡವಾಗಿ.

ಇದು ಬರೀ ಹಾಳೆಯ ಮೇಲಿನ ಆಟವಲ್ಲ. ಬ್ರಿಟನ್ನಿನ ಸೈಟ್ ಆ್ಯಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. ಪ್ರತಿಯೊಬ್ಬ ವಿಮರ್ಶಕರೂ ಹತ್ತು ಹೆಸರು ಕೊಡುತ್ತಾರೆ. ಹತ್ತಕ್ಕೂ ಒಂದೊಂದೇ ಮತ, ಮೊದಲನೆಯದಕ್ಕೆ ಜಾಸ್ತಿ ಅಂತೇನಿಲ್ಲ. ಹೀಗೆ ಎಣಿಸಿದರೆ ಕೆಲವರು ಪ್ರಾಣ ಬಿಡುವ ಸಿನಿಮಾಕ್ಕಿಂತ ಬಹಳ ಜನರ ಹತ್ತರಲ್ಲಿ ಎಲ್ಲೋ ಒಂದು ಕಡೆ ಇರುವ ಸಿನಿಮಾ ಮೇಲೆ ಬರುತ್ತದೆ. 1962ರಿಂದ 2002ರವರೆಗೆ ಐದು ಸಲ ಮೊದಲು ಬಂದದ್ದು ಒಂದೇ, ಸಿಟಿಜನ್ ಕೇನ್. 2012ರಲ್ಲಿ ಮತ ಹಾಕಿದ ವಿಮರ್ಶಕರು 846. 2022ರಲ್ಲಿ ಅದು 1,600 ದಾಟಿತು. ಬೇರೆ ಬೇರೆ ದೇಶದವರನ್ನು, ಹೊಸಬರನ್ನು ಸೇರಿಸಿಕೊಂಡರು. ಹಿಂದಿನ ಸಲ ಮೂವತ್ತರ ಆಚೆ ಇದ್ದ ಬೆಲ್ಜಿಯಂ ನಿರ್ದೇಶಕಿಯ 1975ರ ಚಿತ್ರ ನೇರ ಒಂದನೆಯ ಸ್ಥಾನಕ್ಕೆ ಬಂತು. ಗದ್ದಲ ಎದ್ದಿತು. ಆ ಹತ್ತು ವರ್ಷದಲ್ಲಿ ಸಿನಿಮಾ ಬದಲಾಗಿರಲಿಲ್ಲ. ಎಣಿಸುವ ಕೈಗಳು ಬದಲಾಗಿದ್ದವು.

ಅದೇ 2022ರಲ್ಲಿ ಸಿನಿಮಾ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ಘಟಕ ನಮ್ಮ ದೇಶದ ಹತ್ತು ಚಿತ್ರಗಳನ್ನು ಆರಿಸಿತು. ಅದರಲ್ಲಿದ್ದ ಒಂದೇ ಕನ್ನಡ ಚಿತ್ರ ಗಿರೀಶ್ ಕಾಸರವಳ್ಳಿಯವರ 1977ರ ಘಟಶ್ರಾದ್ಧ, ಐದನೆಯ ಸ್ಥಾನದಲ್ಲಿ. ನಮ್ಮ ಗುಂಪಿನಲ್ಲಿ ಅದನ್ನು ನೋಡಿದವರು ಇಬ್ಬರು. ಹೆಮ್ಮೆಪಟ್ಟವರು ಒಂಬತ್ತು ಜನ.

ನಕ್ಷತ್ರ ಮತ್ತು ಜನಜಾತ್ರೆ

ಪಟ್ಟಿ ಕೊಡದೆ ಬರೀ ಅಂಕ ಕೊಟ್ಟರೆ? ಆ್ಯಪ್‌ಗಳಲ್ಲಿ ನಡೆಯುವುದು ಇದೇ. ಹೊಸ ಸಿನಿಮಾಕ್ಕೆ ಐದು ಜನ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ. ಐವರೂ ನಿರ್ಮಾಪಕರ ಕಡೆಯವರೇ ಇರಬಹುದು. ಹಳೆಯ ಸಿನಿಮಾಕ್ಕೆ ಐನೂರು ಜನ ಅಂಕ ಕೊಟ್ಟು ಸರಾಸರಿ ಎಂಟು ಬಂದಿದೆ. ನೇರ ಸರಾಸರಿ ಹಿಡಿದರೆ ಐವರ ಸಿನಿಮಾ ಮೇಲೆ ಕೂರುತ್ತದೆ. ಇದನ್ನು ತಪ್ಪಿಸಲು ಒಂದು ಜಾಣ ಲೆಕ್ಕ ಇದೆ. ಪ್ರತಿ ಸಿನಿಮಾಕ್ಕೂ ಮೊದಲೇ ಐವತ್ತು ಜನ ಬಂದು ಸಾಧಾರಣ ಅಂಕ, ಆರು ಅನ್ನೋಣ, ಕೊಟ್ಟು ಹೋಗಿದ್ದಾರೆ ಅಂತ ಇಟ್ಟುಕೊಳ್ಳುವುದು. ಆಗ ಐವರ ಸಿನಿಮಾ ಸುಮಾರು 6.4ಕ್ಕೆ ಇಳಿಯುತ್ತದೆ. ಐನೂರು ಜನರದು 7.8ರಲ್ಲಿ ನಿಲ್ಲುತ್ತದೆ. ಕಡಿಮೆ ಜನ ಹೇಳಿದ್ದನ್ನು ಕಡಿಮೆ ನಂಬುವುದು, ಅಷ್ಟೇ ಇದರ ಗುಟ್ಟು. ಸಿನಿಮಾ ಜಾಲತಾಣ ಐಎಂಡಿಬಿಯ ಟಾಪ್ 250 ಪಟ್ಟಿ ನಿಂತಿರುವುದೂ ಇಂಥ ತೂಕದ ಸರಾಸರಿಯ ಮೇಲೆ. ಅದರಲ್ಲಿ ಜಾಗ ಬೇಕೆಂದರೆ ಕನಿಷ್ಠ 25,000 ಮತ ಬೇಕು. ಸಣ್ಣ ಊರಿನ ಸಣ್ಣ ಸಿನಿಮಾ ಎಷ್ಟೇ ಚೆನ್ನಾಗಿದ್ದರೂ ಆ ಬಾಗಿಲ ತನಕ ಹೋಗುವುದೇ ಇಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಒಂದು ಪ್ರಯೋಗ. ಅಮೆರಿಕದಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅನ್ನುವ ಮೂವರು ಸಂಶೋಧಕರು 2006ರಲ್ಲಿ ಅದನ್ನು ಪ್ರಕಟಿಸಿದರು. ಯಾರೂ ಕೇಳಿರದ ತಂಡಗಳ 48 ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟರು. 14,341 ಜನ ಬಂದು ಕೇಳಿದರು, ಬೇಕಾದದ್ದನ್ನು ಇಳಿಸಿಕೊಂಡರು. ಜನರನ್ನು ಬೇರೆ ಬೇರೆ ಕೋಣೆಗಳಿಗೆ ಹಂಚಿದ ಹಾಗೆ ಹಂಚಿದ್ದರು. ಒಂದು ಕೋಣೆಯಲ್ಲಿ ಬೇರೆಯವರು ಏನು ಇಳಿಸಿಕೊಂಡರು ಅನ್ನುವುದು ಕಾಣುತ್ತಿರಲಿಲ್ಲ. ಉಳಿದ ಎಂಟರಲ್ಲಿ ಆಯಾ ಕೋಣೆಯವರ ಎಣಿಕೆ ಕಾಣುತ್ತಿತ್ತು. ಎಂಟೂ ಕೋಣೆಗಳಲ್ಲಿ ಅವೇ ಹಾಡು, ಅಂಥವೇ ಜನ. ಕೊನೆಗೆ ಪಟ್ಟಿ ಮಾತ್ರ ಎಂಟು ಬಗೆ. ಒಂದೇ ಹಾಡು ಒಂದು ಕೋಣೆಯಲ್ಲಿ ಒಂದನೆಯದು, ಇನ್ನೊಂದರಲ್ಲಿ ನಲವತ್ತನೆಯದು. ಅತಿ ಒಳ್ಳೆಯ ಹಾಡು ತೀರಾ ಕೆಳಗೆ ಬಿದ್ದದ್ದು ಅಪರೂಪ. ಅತಿ ಕೆಟ್ಟದ್ದು ತೀರಾ ಮೇಲೆ ಏರಿದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹವನ್ನು ಬರೆದದ್ದು ಮೊದಲು ಬಂದ ಕೆಲವರ ಇಷ್ಟ. ಒಬ್ಬರನ್ನು ನೋಡಿ ಇನ್ನೊಬ್ಬರು ಒತ್ತಿದರು, ಅವರನ್ನು ನೋಡಿ ಮತ್ತೊಬ್ಬರು.

ಇದನ್ನು ಓದಿದ ಮೇಲೆ ನಾವೊಂದು ಕಟ್ಟಳೆ ಮಾಡಿಕೊಂಡೆವು. ಪಟ್ಟಿಯನ್ನು ಗುಂಪಿಗೆ ಹಾಕುವಂತಿಲ್ಲ. ಎಲ್ಲರೂ ಸಿಂಧನೂರಿನ ಗೆಳೆಯನಿಗೆ ಬೇರೆಯಾಗಿ ಕಳಿಸಬೇಕು. ಒಂಬತ್ತೂ ಬಂದ ಮೇಲೆ ಒಟ್ಟಿಗೆ ಬಿಡುಗಡೆ. ಮೊದಲ ವರ್ಷವೇ ಪರಿಣಾಮ ಕಂಡಿತು. ಅದುವರೆಗೆ ಎಲ್ಲರ ಪಟ್ಟಿಯಲ್ಲೂ ತಪ್ಪದೆ ಇರುತ್ತಿದ್ದ ಒಂದು ಹಾಡು ನಾಲ್ವರ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದ ಐವರು ಇಷ್ಟು ವರ್ಷ ಅಕ್ಕನನ್ನು ನೋಡಿ ಬರೆಯುತ್ತಿದ್ದರು ಅಂತ ಈಗ ನನ್ನ ಗುಮಾನಿ. ಐವರಲ್ಲಿ ನಾನೂ ಒಬ್ಬ.

ಪುಸ್ತಕದ ಪಟ್ಟಿಯಲ್ಲಿ ಜಗಳ ಕಡಿಮೆ. ಕಾರಣ ಸರಳ, ಒಂದೇ ಪುಸ್ತಕವನ್ನು ಒಂಬತ್ತು ಜನ ಓದಿರುವುದಿಲ್ಲ. ಎಲ್ಲರೂ ಓದಿರುವುದು ಪಠ್ಯದಲ್ಲಿ ಬಂದದ್ದನ್ನು. ಹಾಗಾಗಿ ಕೂಡಿಸಿದ ಪಟ್ಟಿಯಲ್ಲಿ ಅವೇ ಮೇಲೆ ಬರುತ್ತವೆ. ಅದನ್ನು ಜನಪ್ರಿಯತೆ ಅನ್ನಬೇಕೋ ಪಠ್ಯಕ್ರಮ ಅನ್ನಬೇಕೋ ನೀವೇ ಹೇಳಿ.

ವಾದ ಮಾಡುವುದೂ ಒಂದು ಕಲೆ

ನಮ್ಮ ಉತ್ತರ ಕರ್ನಾಟಕದ ಜಾತ್ರೆ, ಉರುಸುಗಳಲ್ಲಿ ರಾತ್ರಿಯಿಡೀ ಹರದೇಶಿ-ನಾಗೇಶಿ ಹಾಡಿಕೆ ನಡೆಯುತ್ತದೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡಬೇಕು. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಪುರಾಣ, ಶಾಸ್ತ್ರ, ಮನೆಯ ಜಗಳ ಎಲ್ಲವೂ ಸಾಕ್ಷಿಗೆ ಬರುತ್ತವೆ. ಮಾತು ಎಷ್ಟು ಖಾರವಾದರೂ ಕೇಳುವವರಿಗೆ ಗೊತ್ತು, ಇವರು ತಮ್ಮ ಪಕ್ಷ ಹಿಡಿದು ಹಾಡುತ್ತಿದ್ದಾರೆ ಅಂತ. ಬೆಳಗಾದರೆ ಎರಡೂ ಮೇಳದವರು ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ. ಮೊಬೈಲಿನ ಜಗಳಕ್ಕೆ ಬೆಳಗಾಗುವುದೇ ಇಲ್ಲ, ಅದೇ ತೊಂದರೆ. ಮುಖ ಕಾಣುವುದಿಲ್ಲ, ನಗು ಕೇಳುವುದಿಲ್ಲ. "ನಿನ್ನ ಟೇಸ್ಟ್ ಇಷ್ಟೇನಾ?" ಅಂತ ತಮಾಷೆಗೆ ಬರೆದದ್ದು ಓದುವವರ ಕಣ್ಣಿಗೆ ಕಪಾಳಕ್ಕೆ ಹೊಡೆದಂತೆ ಕಾಣುತ್ತದೆ.

ಹಾಗಾಗಿ ನಾನು ಒಂದು ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರಾದರೂ "ಅದ್ಯಾಕಿಲ್ಲ?" ಅಂದರೆ ಕೇಳುತ್ತೇನೆ: "ಸರಿ, ಸೇರಿಸೋಣ. ಹತ್ತರಲ್ಲಿ ಯಾವುದನ್ನು ತೆಗೀಲಿ?" ಹತ್ತೇ ಜಾಗ ಇರುವಾಗ ಒಂದನ್ನು ಒಳಗೆ ಕರೆದರೆ ಇನ್ನೊಂದನ್ನು ಎಬ್ಬಿಸಬೇಕು. ಬಸ್ಸಿನ ಸೀಟಿನ ಹಾಗೆ. ಈ ಪ್ರಶ್ನೆ ಕೇಳಿದ ಕೂಡಲೇ ಮಾತಿನ ದಾಟಿ ಬದಲಾಗುತ್ತದೆ. ಎದುರಿನವರು ನನ್ನ ಹತ್ತನ್ನು ನಿಜವಾಗಿ ನೋಡುತ್ತಾರೆ, ಕೇಳದ ಹಾಡನ್ನು ಹುಡುಕಿ ಕೇಳುತ್ತಾರೆ. ರಾಯಚೂರಿನ ಗೆಳೆಯ ಹಾಗೆ ಕೇಳಲು ಹೋಗಿ, ನನ್ನ ಒಂಬತ್ತನೆಯ ಹಾಡನ್ನು ತನ್ನ ಮೂರನೆಯದು ಮಾಡಿಕೊಂಡ. ನಾನು ಅವನಿಂದ ಎರಡು ಗಜಲ್ ಕದ್ದೆ.

ಈ ಸಲ ಸಿಂಧನೂರಿನವನು ಹೊಸ ನಿಯಮ ಕಳಿಸಿದ್ದಾನೆ. ಸಾಲು ಬೇಡ, ನಂಬರ್ ಬೇಡ, ಹತ್ತು ಹೆಸರು ಸಾಕು. ಪ್ರತಿಯೊಂದರ ಮುಂದೆ ಅದನ್ನು ಮೊದಲು ಎಲ್ಲಿ, ಯಾರ ಜೊತೆ ಕೇಳಿದಿರಿ ಅಂತ ಒಂದು ಸಾಲು. ಎಂಟು ಪಟ್ಟಿ ಬಂದಿವೆ. ಕೊನೆಯದು ನಿನ್ನೆ ರಾತ್ರಿ ಬಳ್ಳಾರಿಯಿಂದ ಬಂತಂತೆ. ಎಣಿಸಿದರೆ ಹನ್ನೊಂದು ಹಾಡು ಇವೆ. ಅವನು ನನ್ನ ಪ್ರಶ್ನೆಯನ್ನೇ ಅಕ್ಕನಿಗೆ ಕೇಳಿದ್ದಾನೆ, ಯಾವುದನ್ನು ತೆಗೀಲಿ ಅಂತ. ಅಕ್ಕ ಬರೆದಿದ್ದಾರೆ: "ಹನ್ನೊಂದೂ ಕೇಳಿ ನೀನ ಹೇಳು ನೋಡೂಣು."